ಅಡ್ಡವಾದ ಭಾವಚಿತ್ರಗಳು

ಹಿಂದಿನ ಕಾಲಕ್ಕೆ ಗೋಡೆಯ ಮೇಲಿನ ಭಾವಚಿತ್ರವು ಮೊಳೆ ಸಡಿಲಾದಾಗ ಮಾತ್ರ ಓರೆಯಾಗುತ್ತಿತ್ತು. ಮನೆಯ ಹಿರಿಯರು ಅತ್ತ ಹಾಯುವಾಗ ಒಂದು ಬೆರಳಿನಿಂದ ಅದನ್ನು ನೆಟ್ಟಗೆ ಮಾಡಿ ಮುಂದಕ್ಕೆ ನಡೆಯುತ್ತಿದ್ದರು. ಈಗ ಭಾವಚಿತ್ರಗಳು ಗೋಡೆಯನ್ನು ಬಿಟ್ಟು ಮೊಬಾಯಿಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಸಂಸಾರ ಹೂಡಿರುವವು; ಅಲ್ಲಿ ಅವು ಓರೆಯಾದರೆ ಬೆರಳಿನ ಆಟ ಸಾಗದು. ಬೆಳಗಾವಿಯ ಟಿಳಕವಾಡಿಯಲ್ಲಿ ಕುಳಿತವರಿಗೂ ಖಾನಾಪುರದ ಹಂಚಿನ ಮನೆಯಲ್ಲಿ ಕುಳಿತವರಿಗೂ ಈ ತೊಂದರೆಯು ಒಂದೇ ತೆರನಾಗಿರುವದು. ಮೊಬಾಯಿಲಿನಲ್ಲಿ ನೋಡಿದಾಗ ಅಜ್ಜನು ನೆಟ್ಟಗೆ ನಿಂತಿರುವನು. ಅದೇ ಚಿತ್ರವನ್ನು ಮನೆಯ ಹಳೆಯ ಕಂಪ್ಯೂಟರಿಗೆ ಇಳಿಸಿ ನೋಡಿದರೆ ಅಡ್ಡ ಮಲಗಿರುವನು. ತಿರುಗಿಸಿ ಉಳಿಸಿದರೆ ಅಲ್ಲಿ ಎದ್ದು ನಿಲ್ಲುವನು; ಬೆಂಗಳೂರಿನ ಮಗನಿಗೆ ಕಳುಹಿದಾಗ ಮತ್ತೊಂದು ಮಗ್ಗುಲಿಗೆ ಮಲಗಿರುವನು. "ಅಜ್ಜಗ ನಿಂದ್ರಾಕ ಏನಾಗೇದ?" ಎಂದು ಮೊಮ್ಮಕ್ಕಳು ನಗುವರು. ದೊಡ್ಡವರಿಗೆ ನಗು ಬರುವದಿಲ್ಲ. ಏಕೆಂದರೆ ಅದನ್ನೇ ನಾಳೆ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಬೇಕಾಗಿರುವದು.

ವಾಚಕರು ಇದನ್ನು ಯಂತ್ರದ ಹಟವೆಂದು ತಿಳಿಯಬಾರದು. ಇದಕ್ಕೆ ಕಾರಣವುಂಟು, ಕಾರಣವನ್ನರಿತವರಿಗೆ ಉಪಾಯವೂ ಉಂಟು. ಕಾರಣವನ್ನು ಅರಿಯದೆ ಬರಿದೆ ತಿರುಗಿಸುತ್ತ ಹೋದವರು ಚಿತ್ರವನ್ನೇ ಕಳೆದುಕೊಂಡ ಉದಾಹರಣೆಯೂ ಉಂಟು. ಅದನ್ನು ಮುಂದೆ ಹೇಳುವೆವು.

ಮೊಬಾಯಿಲಿನ ಒಳಗೆ ಬೆಳಕನ್ನು ಹಿಡಿಯುವ ಒಂದು ಚಿಕ್ಕ ಫಲಕವಿರುವದು. ಅದು ತನ್ನ ಸ್ಥಾನದಲ್ಲಿ ಭದ್ರವಾಗಿ ಕುಳಿತಿರುವದರಿಂದ ನಾವು ಮೊಬಾಯಿಲನ್ನು ನಿಲ್ಲಿಸಿ ಹಿಡಿದರೂ ಅಷ್ಟೆ, ಅಡ್ಡ ಹಿಡಿದರೂ ಅಷ್ಟೆ. ಅದು ತನ್ನ ಸಾಲುಗಳನ್ನು ತನ್ನ ಕ್ರಮದಲ್ಲಿಯೇ ಬರೆಯುವದು. ಹಾಗಾದರೆ ಚಿತ್ರದ ತಲೆ ಯಾವ ಕಡೆಗೆ? ಅದನ್ನು ಹೇಳುವದಕ್ಕಾಗಿ ಯಂತ್ರವು ಚಿತ್ರದ ಜೊತೆಗೆ ಒಂದು ಚೀಟಿಯನ್ನು ಬರೆದಿಡುವದು. ಸರಕಿನ ಪೆಟ್ಟಿಗೆಯ ಮೇಲೆ 'ಈ ಬದಿ ಮೇಲೆ' ಎಂದು ಬರೆದು ಬಾಣದ ಗುರುತು ಹಾಕುವರಲ್ಲ, ಅಂಥದೇ ಚೀಟಿ. ಜಪಾನದ ಇಲೆಕ್ಟ್ರಾನಿಕ್ ಉದ್ಯಮಿಗಳ ಸಂಘವು ೧೯೯೫ರಲ್ಲಿ ಇಂಥ ಚೀಟಿಗಳ ಪದ್ಧತಿಯೊಂದನ್ನು ಗೊತ್ತುಮಾಡಿ ಅದಕ್ಕೆ 'ಎಕ್ಸಿಫ್' ಎಂದು ಹೆಸರಿಟ್ಟಿತು. ಚಿತ್ರವನ್ನು ತೆಗೆದ ದಿನ, ವೇಳೆ, ಕ್ಯಾಮೆರಾದ ಹೆಸರು ಮೊದಲಾದವುಗಳೊಡನೆ ದಿಕ್ಕನ್ನು ಹೇಳುವ ಒಂದು ಅಂಕಿಯೂ ಅದರಲ್ಲಿರುವದು. ಆ ಅಂಕಿಯು ೧ರಿಂದ ೮ರ ವರೆಗೆ. ೧ ಎಂದರೆ ಇದ್ದಂತೆಯೇ ತೋರಿಸು. ೩ ಎಂದರೆ ತಲೆಕೆಳಗು ಮಾಡಿ ತೋರಿಸು. ೬ ಎಂದರೆ ಬಲಕ್ಕೆ ಕಾಲು ಸುತ್ತು ತಿರುಗಿಸಿ ತೋರಿಸು. ೮ ಎಂದರೆ ಎಡಕ್ಕೆ ಕಾಲು ಸುತ್ತು. ಉಳಿದ ನಾಲ್ಕು ಅಂಕಿಗಳು ಕನ್ನಡಿಯ ಬಿಂಬಕ್ಕೆ ಸಂಬಂಧಿಸಿದವು. ಆ ವಿಚಾರವು ಕೊನೆಗೆ ಬರುವದು.

ಈಗ ಹಮಾಲನು ಓದು ಬಲ್ಲವನಾಗಿದ್ದರೆ ಪೆಟ್ಟಿಗೆಯನ್ನು ನೆಟ್ಟಗೆ ಇಳಿಸುವನು. ಓದು ಬಾರದವನಾದರೆ ಹೇಗೆ ಬಂತೋ ಹಾಗೆ ಇಳಿಸುವನು. ನಮ್ಮ ಕಂಪ್ಯೂಟರುಗಳಲ್ಲಿಯೂ ಈ ಎರಡು ಜಾತಿಗಳುಂಟು. ೨೦೦೯ರಲ್ಲಿ ಹೊರಬಂದ ವಿಂಡೋಜ್ ೭ರ ಚಿತ್ರದರ್ಶಕಕ್ಕೆ ಈ ಚೀಟಿಯನ್ನು ಓದುವ ರೂಢಿ ಇರಲಿಲ್ಲ. ೨೦೧೨ರ ವಿಂಡೋಜ್ ೮ರಿಂದ ಮುಂದಿನವುಗಳಿಗೆ ಅದು ಬಂದಿತು. ವಿಂಡೋಜ್ ೭ಕ್ಕೆ ಅದರ ತಯಾರಕರು ಕೊಡುತ್ತಿದ್ದ ಆಸರೆಯು ೨೦೨೦ರ ಜನವರಿಯಲ್ಲಿಯೇ ನಿಂತುಹೋದರೂ ನಮ್ಮ ಕಡೆಯ ಎಷ್ಟೋ ಮನೆಗಳ ಮೂಲೆಯಲ್ಲಿ ಅಂಥ ಯಂತ್ರವೊಂದು ಹೊದಿಕೆ ಹೊದ್ದು ಕುಳಿತಿರುವದನ್ನು ನಾವು ಕಂಡಿರುವೆವು. ಅಂತರಜಾಲವನ್ನು ತೋರಿಸುವ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳು ಕೂಡ ಪುಟದೊಳಗಿನ ಚಿತ್ರಗಳ ಚೀಟಿಯನ್ನು ತಾವಾಗಿಯೇ ಓದಿ ತಿರುಗಿಸುವದನ್ನು ೨೦೨೦ರಲ್ಲಿಯೇ ರೂಢಿಸಿಕೊಂಡವು.

ಒಂದು ಮಾತು ಇಲ್ಲಿ ಮುಖ್ಯ. ತಿರುಗಿಸುವದು ಎಂಬದು ಒಂದೇ ಕೆಲಸವಲ್ಲ, ಎರಡು. ಚೀಟಿಯ ಅಂಕಿಯನ್ನು ಬದಲಿಸುವದು ಒಂದು. ಚಿತ್ರದ ಚುಕ್ಕೆಗಳನ್ನೇ ಎತ್ತಿ ಬೇರೆ ಸಾಲಿನಲ್ಲಿ ಕೂಡ್ರಿಸುವದು ಇನ್ನೊಂದು. ಓದುಬಾರದ ಹಳೆಯ ತಂತ್ರಾಂಶವು ಚುಕ್ಕೆಗಳನ್ನು ಬಲಕ್ಕೆ ತಿರುಗಿಸಿ, ಚೀಟಿಯಲ್ಲಿಯ ೬ನ್ನು ಹಾಗೆಯೇ ಬಿಟ್ಟಿತೆನ್ನಿರಿ. ಆ ಕಂಪ್ಯೂಟರಿನಲ್ಲಿ ಅಜ್ಜನು ನೆಟ್ಟಗಾದನು. ಆದರೆ ಬೆಂಗಳೂರಿನ ಮಗನ ಯಂತ್ರವು ಓದುಬಲ್ಲದು. ಅದು ೬ ಎಂಬದನ್ನು ಓದಿ, ನೆಟ್ಟಗಿದ್ದ ಅಜ್ಜನನ್ನು ಮತ್ತೆ ಕಾಲು ಸುತ್ತು ತಿರುಗಿಸುವದು. ಅವನು ತಿರುಗಿಸಿ ಕಳುಹುವನು, ಇವರು ಮರಳಿ ತಿರುಗಿಸುವರು. ಇಬ್ಬರೂ ಸರಿಯೇ, ಚೀಟಿ ಮಾತ್ರ ಸುಳ್ಳು. ಇಂಥಲ್ಲಿ ಚಿತ್ರವನ್ನು ತಿರುಗಿಸತಕ್ಕದ್ದಲ್ಲ, ಚೀಟಿಯ ಅಂಕಿಯನ್ನು ೧ ಎಂದು ತಿದ್ದತಕ್ಕದ್ದು. ಅದಕ್ಕೆ ಎಕ್ಸಿಫ್‌ಟೂಲ್ ಮೊದಲಾದ ಉಚಿತ ಉಪಕರಣಗಳು ದೊರೆಯುವವು.

ಚೀಟಿಯು ಮೊದಲಿಗೇ ಸುಳ್ಳಾಗಿರುವ ಸಂದರ್ಭವೂ ಒಂದುಂಟು. ಅದು ನಮ್ಮ ಭಾಗದ ಗೃಹಸ್ಥರಿಗೆ ಬಹಳ ಹತ್ತಿರದ್ದು. ಮೊಬಾಯಿಲು ತಾನು ನಿಂತಿರುವೆನೋ ಅಡ್ಡವಾಗಿರುವೆನೋ ಎಂಬದನ್ನು ಭೂಮಿಯ ಎಳೆತದಿಂದ ಅರಿಯುವದು. ತಾಟಿನಲ್ಲಿ ನೀರು ಹಾಕಿ ಓರೆಮಾಡಿದರೆ ನೀರು ಒಂದು ಕಡೆಗೆ ಹರಿದು ಕೆಳಗು ಯಾವದೆಂದು ತೋರಿಸುವದು. ತಾಟನ್ನು ಸಮನಾಗಿ ಹಿಡಿದರೆ ನೀರು ಯಾವ ಕಡೆಗೂ ಹರಿಯದು. ಮೇಜಿನ ಮೇಲೆ ಕಾಗದವನ್ನಿಟ್ಟು, ಮೊಬಾಯಿಲನ್ನು ಅದರ ಮೇಲೆ ಬೋರಲು ಹಿಡಿದು ಚಿತ್ರ ತೆಗೆಯುವಾಗ ಆಗುವದು ಇದೇ. ಎಳೆತವು ಮೊಬಾಯಿಲಿನ ನಾಲ್ಕು ಅಂಚುಗಳಲ್ಲಿ ಯಾವದರ ಕಡೆಗೂ ಇಲ್ಲ, ನೇರ ಕಾಗದದ ಕಡೆಗೆ. ಆಗ ಯಂತ್ರವು ಹಿಂದಿನ ನೆನಪಿನಿಂದ ಏನಾದರೊಂದು ಅಂಕಿಯನ್ನು ಬರೆದುಬಿಡುವದು. ಹತ್ತು ಕಾಗದಗಳ ಚಿತ್ರ ತೆಗೆದರೆ ನಾಲ್ಕು ನೆಟ್ಟಗೆ, ಮೂರು ಎಡಕ್ಕೆ, ಮೂರು ತಲೆಕೆಳಗು ಬರುವ ರಹಸ್ಯವಿದು. ಉಪಾಯವು ಸುಲಭ. ಮೊಬಾಯಿಲನ್ನು ಮೊದಲು ಎದೆಯ ಮುಂದೆ ನೆಟ್ಟಗೆ ಹಿಡಿಯಬೇಕು. ಅಡ್ಡ ಬೇಕಾದರೆ ಅಡ್ಡ ಹಿಡಿಯಬೇಕು. ಪರದೆಯ ಮೇಲಿನ ಚಿಕ್ಕ ಗುರುತುಗಳು ಆ ಪ್ರಕಾರ ತಿರುಗಿದ್ದನ್ನು ನೋಡಿಕೊಂಡು, ಆಮೇಲೆ ಮೆಲ್ಲಗೆ ಕಾಗದದ ಮೇಲಕ್ಕೆ ಬಾಗಿಸಬೇಕು.

ಕಾಗದವೆಂದಾಗ ಖಾನಾಪುರದ ಮನೆಗಳ ಕಬ್ಬಿಣದ ಪೆಟ್ಟಿಗೆಗಳು ನೆನಪಿಗೆ ಬರುವವು. ಈ ಸೀಮೆಯು ೧೯೫೬ರ ನವೆಂಬರ್ ೧ರ ವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಇಲ್ಲಿ ಮೋಡಿ ಲಿಪಿಯ ಹಳೆಯ ಕರಾರುಪತ್ರಗಳು ಇನ್ನೂ ಕಣ್ಣಿಗೆ ಬೀಳುವದುಂಟು. ಈಗಿನ ತರುಣರಿಗೆ ಮೋಡಿ ಓದಲು ಬಾರದು; ಹೀಗಾಗಿ ಅಂಥ ಕಾಗದದ ಚಿತ್ರವು ತಲೆಕೆಳಗಾಗಿದ್ದರೂ ಗೊತ್ತಾಗುವದಿಲ್ಲ. ಓದಬಲ್ಲವರಿಗೆ ತೋರಿಸಲೆಂದು ಕಳುಹಿದಾಗ ಅವರು ಕುತ್ತಿಗೆ ತಿರುವಿ ಓದಬೇಕಾಗುವದು. ಒಂದು ಗುರುತನ್ನು ನೆನಪಿಡಬಹುದು: ಮೋಡಿ ಬರೆಯುವವರು ಮೊದಲು ಕಾಗದದ ಉದ್ದಕ್ಕೂ ಒಂದು ಗೆರೆಯನ್ನೆಳೆದು, ಅಕ್ಷರಗಳನ್ನು ಅದರ ಕೆಳಗೆ ಜೋತುಬೀಳುವಂತೆ ಬರೆಯುತ್ತಿದ್ದರು. ಗೆರೆಯು ಅಕ್ಷರಗಳ ಕೆಳಗೆ ಕಂಡರೆ ಕಾಗದವು ತಲೆಕೆಳಗಾಗಿರುವದೆಂದೇ ತಿಳಿಯಬೇಕು.

ಇನ್ನು ಚುಕ್ಕೆಗಳನ್ನು ತಿರುಗಿಸುವ ಮಾತಿಗೆ ಬರೋಣ. ಇಲ್ಲಿಯೇ ನಿಜವಾದ ಅಪಾಯವಿರುವದು. ನಮ್ಮ ಚಿತ್ರಗಳಲ್ಲಿ ಹೆಚ್ಚಿನವು 'ಜೆಪೆಗ್' ಎಂಬ ರೂಪದಲ್ಲಿರುವವು. ೧೯೯೨ರಲ್ಲಿ ಪ್ರಮಾಣವೆಂದು ಒಪ್ಪಿತವಾದ ಈ ರೂಪದ ಜೀವಾಳವಾದ ಗಣಿತವು ನಮ್ಮ ನಾಡಿನವರೊಬ್ಬರದು ಎಂಬದನ್ನು ಎಷ್ಟು ಜನರು ಬಲ್ಲರೋ! ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯನವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹಮದರು ಅಮೇರಿಕೆಯ ಕ್ಯಾನ್ಸಸ್ ರಾಜ್ಯದ ವಿಶ್ವವಿದ್ಯಾಲಯದಲ್ಲಿದ್ದಾಗ ಈ ವಿಧಾನವನ್ನು ಆಲೋಚಿಸಿ, ೧೯೭೨ರಲ್ಲಿ ಸಂಶೋಧನೆಗೆ ಧನಸಹಾಯವನ್ನು ಬೇಡಿದರು. ಅದು ಅಷ್ಟು ಸರಳವಾದದ್ದೇನು ಎಂಬಂತೆ ಬೇಡಿಕೆಯು ತಿರಸ್ಕೃತವಾಯಿತು. ಅವರು ಬಿಡದೆ ತಮ್ಮ ಶಿಷ್ಯರಾದ ಟಿ. ನಟರಾಜನ್ ಹಾಗೂ ಮಿತ್ರರಾದ ಕೆ. ಆರ್. ರಾವ್ ಇವರೊಡನೆ ಅದನ್ನು ಸಾಧಿಸಿ ೧೯೭೪ರ ಜನವರಿಯಲ್ಲಿ ಪ್ರಕಟಿಸಿದರು. ಇಂದು ಲೋಕದಲ್ಲಿ ಯಾರ ಮದುವೆಯ ಚಿತ್ರವೇ ಆಗಲಿ, ಜೆಪೆಗ್ ಆಗಿದ್ದರೆ ಅದರ ಹಿಂದೆ ಆ ತಿರಸ್ಕೃತವಾದ ಆಲೋಚನೆಯಿರುವದು.

ಜೆಪೆಗ್ ಚಿತ್ರವನ್ನು ಫರಶಿ ಹಾಸಿದ ಪಡಸಾಲೆಯೆಂದು ಭಾವಿಸಿರಿ. ಒಂದೊಂದು ಫರಶಿಯಲ್ಲಿ ಅಡ್ಡ ೮, ಉದ್ದ ೮, ಒಟ್ಟು ೬೪ ಚುಕ್ಕೆಗಳು. ಬಣ್ಣವನ್ನು ಮಿತವಾಗಿ ಬರೆದಿಡುವ ಸಲುವಾಗಿ ಎಷ್ಟೋ ಚಿತ್ರಗಳಲ್ಲಿ ಇಂಥ ನಾಲ್ಕನ್ನು ಕೂಡಿಸಿ ೧೬ಕ್ಕೆ ೧೬ರ ದೊಡ್ಡ ಫರಶಿಯನ್ನು ಮಾಡಿರುವರು. ಪ್ರತಿಯೊಂದರಲ್ಲಿಯ ಬೆಳಕು-ನೆರಳುಗಳನ್ನು ಅಲೆಗಳ ಲೆಕ್ಕಕ್ಕೆ ತಂದು, ಕಣ್ಣಿಗೆ ಕಾಣದಷ್ಟು ಸಣ್ಣ ಅಲೆಗಳನ್ನು ಬಿಟ್ಟುಬಿಡುವರು. ಇದರಿಂದ ಚಿತ್ರದ ಗಾತ್ರವು ಕುಗ್ಗುವದು. ಸಾಮಾನ್ಯವಾದ ತಂತ್ರಾಂಶವು ಚಿತ್ರವನ್ನು ತಿರುಗಿಸುವಾಗ ಈ ಲೆಕ್ಕವನ್ನೆಲ್ಲ ಬಿಚ್ಚಿ, ಚುಕ್ಕೆಗಳನ್ನು ತಿರುಗಿಸಿ, ಉಳಿಸುವಾಗ ಮತ್ತೆ ಹೊಸದಾಗಿ ಲೆಕ್ಕ ಕಟ್ಟುವದು. ಕಟ್ಟಿದಾಗಲೊಮ್ಮೆ ಇನ್ನಷ್ಟು ಅಲೆಗಳು ಬಿಟ್ಟುಹೋಗುವವು. ಒಂದೆರಡು ಸಲಕ್ಕೆ ಕಣ್ಣಿಗೆ ಕಾಣದು. ಹಲವು ಸಲವಾದರೆ, ಅದರಲ್ಲಿಯೂ ತಂತ್ರಾಂಶವು ಜಿಪುಣನಾಗಿದ್ದರೆ, ಮುಖದ ಸುಕ್ಕುಗಳು ಮಾಯವಾಗಿ ಚೌಕಗಳು ಮೂಡುವವು.

ಬಿಚ್ಚದೆಯೇ ತಿರುಗಿಸುವ ಮಾರ್ಗವಿಲ್ಲವೆ? ಉಂಟು. ಫರಶಿಗಳನ್ನು ಒಡೆಯದೆ ಇಡಿಯಾಗಿಯೇ ಎತ್ತಿ ಬೇರೆ ಜಾಗದಲ್ಲಿಟ್ಟು, ಅಲೆಗಳ ಅಂಕಿಗಳನ್ನು ಮಾತ್ರ ಸ್ಥಾನ ಬದಲಿಸಿ ಬರೆದರೆ ಸಾಸಿವೆಯಷ್ಟೂ ನಷ್ಟವಿಲ್ಲ. ಜೆಪೆಗ್‌ಟ್ರಾನ್ ಎಂಬ ಉಪಕರಣವು ಈ ಕೆಲಸಕ್ಕಾಗಿಯೇ ಇರುವದು. ಮನೆಯ ಬಳಕೆಗೆ ಉಚಿತವಾದ ಇರ್ಫಾನ್‌ವ್ಯೂ ಎಂಬ ಚಿತ್ರದರ್ಶಕದಲ್ಲಿಯೂ, ಅದರ ಪೂರಕ ಉಪಕರಣಗಳನ್ನು ಕೂಡಿಸಿಕೊಂಡರೆ, 'ಲಾಸ್‌ಲೆಸ್' ಅಂದರೆ ನಷ್ಟವಿಲ್ಲದ ತಿರುಗಣೆ ದೊರೆಯುವದು.

ಆದರೆ ಇಲ್ಲಿಯೂ ಒಂದು ತೊಡಕು. ಪಡಸಾಲೆಯ ಅಳತೆಯು ಫರಶಿಯ ಅಳತೆಗೆ ಸರಿಯಾಗಿ ಕೂಡ್ರದಿದ್ದರೆ ಗೌಂಡಿಯು ಏನು ಮಾಡಬೇಕು? ಜೆಪೆಗ್ಗಿನ ಗೌಂಡಿಯು ಫರಶಿಯನ್ನು ಕತ್ತರಿಸುವದಿಲ್ಲ. ಬಲಗಡೆಯಲ್ಲಿಯೂ ಕೆಳಗಡೆಯಲ್ಲಿಯೂ ಇಡಿಯ ಫರಶಿಯನ್ನೇ ಹಾಸಿ, ಹೆಚ್ಚಾದ ಭಾಗವನ್ನು ಗೋಡೆಯ ಅಡಿಯಲ್ಲಿ ಅಡಗಿಸುವನು. ಅಡಗಿಸುವ ಗೋಡೆಗಳು ಆ ಎರಡು ಕಡೆಗೆ ಮಾತ್ರ. ಚಿತ್ರವನ್ನು ಬಲಕ್ಕೆ ತಿರುಗಿಸಿದಾಗ ಕೆಳಗಿನ ಅಂಚು ಎಡಕ್ಕೆ ಬರುವದು. ಅಲ್ಲಿ ಅಡಗಿಸುವ ಗೋಡೆಯಿಲ್ಲ! ಬಹು ಬಳಕೆಯಲ್ಲಿರುವ ಒಂದು ಅಳತೆಯನ್ನು ನೋಡಿರಿ: ಅಗಲ ೪೦೦೦ ಚುಕ್ಕೆ, ಎತ್ತರ ೩೦೦೦ ಚುಕ್ಕೆ. ೪೦೦೦ವನ್ನು ೧೬ರಿಂದ ಭಾಗಿಸಿದರೆ ೨೫೦, ಶೇಷವಿಲ್ಲ. ೩೦೦೦ವನ್ನು ಭಾಗಿಸಿದರೆ ೧೮೭, ಶೇಷ ೮. ಎಡಕ್ಕೆ ತಿರುಗಿಸುವದಾದರೆ ನಷ್ಟವಿಲ್ಲ. ಬಲಕ್ಕಾದರೆ ಅಂಚಿನ ೮ ಸಾಲುಗಳು ತಕರಾರು ಮಾಡುವವು. ಅವನ್ನು ಕತ್ತರಿಸಿ ೨೯೯೨ಕ್ಕೆ ಇಳಿಸಿದರೆ ಉಳಿದದ್ದು ಶುದ್ಧವಾಗಿ ತಿರುಗುವದು. ೪೦೩೨ಕ್ಕೆ ೩೦೨೪ರ ಚಿತ್ರಗಳಿಗೆ ಈ ರಗಳೆಯೇ ಇಲ್ಲ, ಎರಡೂ ಅಂಕಿಗಳು ೧೬ರಿಂದ ಸರಿಯಾಗಿ ಹೋಗುವವು. ಹಿಂದೆ ವಿಂಡೋಜ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಕೆಲವು ಚಿತ್ರಗಳನ್ನು ತಿರುಗಿಸಹೋದರೆ, ಇದರ ಅಳತೆಯ ದೆಸೆಯಿಂದ ಗುಣವು ಶಾಶ್ವತವಾಗಿ ಕುಂದಬಹುದೆಂದು ಯಂತ್ರವು ಎಚ್ಚರಿಸುತ್ತಿತ್ತು. ಜನರು ಅದನ್ನು ಓದದೆ 'ಹೌದು' ಎಂದು ಒತ್ತುತ್ತಿದ್ದರು. ಆ ಎಚ್ಚರಿಕೆಯ ಅರ್ಥವು ಇದೇ ಫರಶಿಯ ಲೆಕ್ಕವಾಗಿತ್ತು.

ಇಷ್ಟು ಲೆಕ್ಕವೇಕೆ ಎಂದು ಬೇಸರಪಡುವವರು ಈ ಸಂಗತಿಯನ್ನು ಕೇಳಬೇಕು. ಖಾನಾಪುರ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಗೆ ಸಮೀಪವಾಗಿ, ನಾವು ಬಲ್ಲ ಒಂದು ಮನೆಯುಂಟು. ಆ ಮನೆಯ ಮುತ್ತಜ್ಜಿಯದು ಒಂದೇ ಒಂದು ಭಾವಚಿತ್ರವಿತ್ತು. ಯಾವದೋ ಲಗ್ನದಲ್ಲಿ ಮನೆಯವರೆಲ್ಲರ ನಡುವೆ ಕುಳಿತು ತೆಗೆಯಿಸಿಕೊಂಡದ್ದು. ೨೦೧೯ರ ಆಗಸ್ಟಿನ ನೆರೆಯಲ್ಲಿ ಮನೆಯೊಳಗೆ ನೀರು ಬಂದು ಚೌಕಟ್ಟು ನೆನೆಯಿತು. ನೆನೆದ ಭಾವಚಿತ್ರದ ಮೇಲ್ಪದರವು ಗಾಜಿಗೆ ಅಂಟಿಕೊಳ್ಳುವದು. ಬಿಡಿಸಹೋದಾಗ ಮುಖಗಳೆಲ್ಲ ಗಾಜಿನ ಪಾಲಾದವು. ಪುಣ್ಯಕ್ಕೆ ಹಿರಿಯ ಸೊಸೆಯು ಎರಡು ವರ್ಷದ ಹಿಂದೆ ದೀಪಾವಳಿಗೆ ಮನೆ ಸಾರಿಸುವಾಗ ಅದನ್ನು ಇಳಿಸಿ, ನೆಲದ ಮೇಲಿಟ್ಟು, ಮೊಬಾಯಿಲಿನಿಂದ ಅದರ ಚಿತ್ರ ತೆಗೆದಿದ್ದಳು. ನೆಲದ ಮೇಲಿಟ್ಟು ತೆಗೆದದ್ದರಿಂದ ಅದು ಅಡ್ಡವಾಗಿ ಬಂದಿತ್ತು.

ಆ ಅಡ್ಡ ಚಿತ್ರವು ಮನೆಮಂದಿಯ ಮೊಬಾಯಿಲುಗಳಲ್ಲೆಲ್ಲ ಸಂಚರಿಸಿತು. ಬೆಳಗಾವಿಯ ಮಗನು ತಿರುಗಿಸಿ ಉಳಿಸಿ ವಾಟ್ಸಾಪಿನಲ್ಲಿ ಕಳುಹಿದನು. ಪುಣೆಯ ಅಳಿಯನ ಯಂತ್ರದಲ್ಲಿ ಅದು ಇನ್ನೂ ತುಸು ಓರೆಯೆನಿಸಲು ಅವನು ಮತ್ತೆ ತಿದ್ದಿ ಉಳಿಸಿದನು. ಇನ್ನೊಬ್ಬರು ಅಂಚು ಕತ್ತರಿಸಿದರು. ವಾಟ್ಸಾಪಿನಲ್ಲಿ ಚಿತ್ರವನ್ನು ಚಿತ್ರವಾಗಿಯೇ ಕಳುಹಿದರೆ ಅದು ದಾರಿಯಲ್ಲಿ ಕುಗ್ಗುವದು, ದಿನ-ವೇಳೆಗಳ ಚೀಟಿಯೂ ಹರಿದುಹೋಗುವದು. ಹೀಗೆ ನಾಲ್ಕು ಕೈ ದಾಟಿ ಬಂದ ಪ್ರತಿಯನ್ನು ದೊಡ್ಡದು ಮಾಡಿಸಲೆಂದು ಸ್ಟುಡಿಯೋಕ್ಕೆ ಒಯ್ದರೆ, ಮುತ್ತಜ್ಜಿಯ ನತ್ತು, ಮೂಗು, ತುಟಿ ಎಲ್ಲವೂ ಕೂಡಿ ಒಂದು ಮಬ್ಬಾದ ಚೌಕವಾಗಿತ್ತು. "ಇದು ನಮ್ಮ ಆಯೀನss ಅಲ್ಲ" ಎಂದು ಮನೆಯ ಹಿರಿಯರು ಅದನ್ನು ಬದಿಗಿಟ್ಟರು. ಸೊಸೆಯ ಮೊಬಾಯಿಲು ಅಷ್ಟರಲ್ಲಿ ಕೆಟ್ಟು ಬದಲಾಗಿತ್ತು.

ಕೊನೆಗೆ ಮೂಲವು ದೊರೆತದ್ದು ಶಹಾಪುರದಲ್ಲಿಯ ಮಗಳ ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಅವಳು ಒಮ್ಮೆ ತೌರಿಗೆ ಬಂದಾಗ ಅತ್ತಿಗೆಯ ಮೊಬಾಯಿಲಿಗೆ ತಂತಿ ಹಚ್ಚಿ ಎಲ್ಲ ಚಿತ್ರಗಳನ್ನೂ ಇಳಿಸಿಕೊಂಡಿದ್ದಳು. ಅಡ್ಡವಾಗಿದ್ದುದರಿಂದ ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಅದೇ ಅದನ್ನು ಉಳಿಸಿತು. ಅದರ ಚೀಟಿಯ ಅಂಕಿಯೊಂದನ್ನು ತಿದ್ದಿದೊಡನೆ ಮುತ್ತಜ್ಜಿಯು ನತ್ತಿನ ಮುತ್ತುಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಎದ್ದು ಕುಳಿತಳು.

ಆದ್ದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ತಿರುಗಿಸುವ ಮೊದಲು ಮೂಲದ ಪ್ರತಿಯನ್ನು ಬೇರೊಂದು ಕಪಾಟಿನಲ್ಲಿ ಅಡ್ಡವಿದ್ದಂತೆಯೇ ಇಡಬೇಕು; ಪ್ರಯೋಗಗಳೆಲ್ಲ ನಕಲಿನ ಮೇಲೆ ನಡೆಯಬೇಕು. ಒಂದು ತಂತ್ರಾಂಶವು ಚಿತ್ರವನ್ನು ಹೇಗೆ ತಿರುಗಿಸುವದೆಂಬ ಸಂಶಯವಿದ್ದರೆ ತಿರುಗಿಸುವ ಮೊದಲಿನ ಹಾಗೂ ಆಮೇಲಿನ ಗಾತ್ರವನ್ನು ಹೋಲಿಸಿ ನೋಡಬಹುದು. ಗಾತ್ರವು ಹೆಚ್ಚುಕಡಿಮೆ ಅಷ್ಟೇ ಇದ್ದರೆ ಭಯವಿಲ್ಲವೆನ್ನಬಹುದು. ಅರ್ಧಕ್ಕೆ ಇಳಿದಿದ್ದರೆ ಅಲೆಗಳು ಸೋರಿದವೆಂದೇ ಅರ್ಥ. ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶವು ತೆರೆಯುವಾಗಲೇ ಚೀಟಿಯ ಪ್ರಕಾರ ತಿರುಗಿಸಲೇ ಎಂದು ಕೇಳುವದು, ಅದು ಒಳ್ಳೆಯ ನಡತೆ. ಆದರೆ ಅದರಿಂದ ಜೆಪೆಗ್ ಆಗಿ ಹೊರತೆಗೆದದ್ದು ಹೊಸ ಲೆಕ್ಕವೇ. ದೂರದ ನಂಟರಿಗೆ ಕಳುಹುವಾಗ ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಎಂದು ಕಳುಹಿದರೆ ಮೂಲವು ಇದ್ದಂತೆಯೇ ತಲುಪುವದು.

ತಿರುಗಿಸಿದ್ದು ಉಳಿಯುವದೇ ಇಲ್ಲವೆಂದು ಕೆಲವರ ದೂರು. ಲಗ್ನದ ಚಿತ್ರಗಳನ್ನು ಸ್ಟುಡಿಯೋದವರು ಕೊಟ್ಟ ಸಿ.ಡಿ.ಯಿಂದಲೇ ತೆರೆದಿದ್ದರೆ ಹೇಗೆ ಉಳಿದೀತು? ಬರೆದು ಮುಗಿದ ತಟ್ಟೆಯ ಮೇಲೆ ಮತ್ತೆ ಬರೆಯಲಾಗದು. ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇಳಿಸಿದ ಮೇಲೂ ಹಟ ಮಾಡಿದರೆ ಕಡತದ ಗುಣಗಳ ಪಟ್ಟಿಯಲ್ಲಿ 'ರೀಡ್ ಓನ್ಲಿ' ಎಂಬುದರ ಎದುರಿನ ಗುರುತನ್ನು ತೆಗೆಯಬೇಕು. ಚಿತ್ರವು ನೆಟ್ಟಗಾದರೂ ಅದರ ಚಿಕ್ಕ ಬಿಂಬವು ಅಡ್ಡವಾಗಿಯೇ ಇರುವದುಂಟು. ಅದು ಯಂತ್ರವು ಮೊದಲು ಬರೆದಿಟ್ಟುಕೊಂಡ ಹಳೆಯ ನೆನಪು, ಡಿಸ್ಕ್ ಕ್ಲೀನಪ್ಪಿನಲ್ಲಿ 'ಥಂಬ್‌ನೇಲ್' ಎಂಬದನ್ನು ಅಳಿಸಿದರೆ ಹೊಸದು ಮೂಡುವದು. ತಿರುಗಿಸಿ ಉಳಿಸಿದ ಚಿತ್ರಗಳು ದಿನಾಂಕದ ಸಾಲಿನಲ್ಲಿ ಹಿಂದು ಮುಂದಾದರೂ ಗಾಬರಿಪಡಬೇಕಾಗಿಲ್ಲ. ಬದಲಿಸಿದ ದಿನದಂತೆ ಅಲ್ಲ, ಚಿತ್ರ ತೆಗೆದ ದಿನದಂತೆ ಜೋಡಿಸಲು ಹೇಳಿದರೆ ಸೀಮಂತವು ಲಗ್ನದ ಮುಂದೆ ಬಂದು ನಿಲ್ಲುವ ಫಜೀತಿ ತಪ್ಪುವದು.

ಇನ್ನು ಕನ್ನಡಿಯ ಮಾತೊಂದು ಉಳಿಯಿತು. ಎಷ್ಟು ತಿರುಗಿಸಿದರೂ ಸರಿಹೋಗದ ಚಿತ್ರಗಳುಂಟು. ಮೊಬಾಯಿಲಿನ ಮುಂದಣ ಕ್ಯಾಮೆರಾದಿಂದ ತಮ್ಮನ್ನೇ ತಾವು ತೆಗೆದುಕೊಂಡ ಕೆಲವು ಚಿತ್ರಗಳು ಎಡಬಲ ಅದಲುಬದಲಾಗಿರುವವು. ಹಳೆಯ ನೆಗೆಟಿವ್‌ಗಳನ್ನು ಹಿಂದುಮುಂದು ಹಿಡಿದು ನಕಲು ಮಾಡಿದಾಗಲೂ ಹೀಗಾಗುವದು. ಇದು ತಿರುಗಣೆಯಲ್ಲ, ಮಗುಚುವಿಕೆ. ತಂತ್ರಾಂಶದಲ್ಲಿ 'ಫ್ಲಿಪ್' ಎಂಬದು ಇದಕ್ಕೆ ಬೇರೆಯೇ ಇರುವದು. ಅಂಗಡಿಯ ಹಲಗೆಯ ಅಕ್ಷರಗಳು ಚಿತ್ರದಲ್ಲಿದ್ದರೆ ಕೂಡಲೆ ಗೊತ್ತಾಗುವದು. ಅಕ್ಷರವಿಲ್ಲದಿದ್ದರೆ ಗಂಡಸರ ಕೋಟನ್ನು ನೋಡಬೇಕು: ಅದರ ಎಡ ಸೆರಗು ಬಲ ಸೆರಗಿನ ಮೇಲೆ ಬರುವದು ರೂಢಿ, ಮುಂಗೈಯ ಗಡಿಯಾರವು ಹೆಚ್ಚಾಗಿ ಎಡಗೈಯಲ್ಲಿ.

ದೇವಾಲಯಗಳ ಚಿತ್ರಗಳಲ್ಲಿ ಈ ತಪ್ಪು ಇನ್ನೂ ಗಹನವಾದದ್ದು. ಖಾನಾಪುರ ತಾಲೂಕಿನ ಹಲಸಿಯ ಭೂವರಾಹ ನರಸಿಂಹ ದೇವಾಲಯಕ್ಕಾಗಲಿ, ದೇಗಾಂವಿಯ ಕಮಲನಾರಾಯಣ ದೇವಾಲಯಕ್ಕಾಗಲಿ ರಜೆಯಲ್ಲಿ ಹೋದವರು ಚಿತ್ರ ತೆಗೆಯದೆ ಬರುವದಿಲ್ಲ. ಹಲಸಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿರುವವು. ಚಿತ್ರವು ಮಗುಚಿಕೊಂಡರೆ ಯಾವದು ಯಾವ ಕಡೆಗೆಂಬದೇ ಮರೆತುಹೋಗುವದು. ಅದಕ್ಕಿಂತ ಹೆಚ್ಚಿನದೆಂದರೆ, ಕೇಶವಾದಿ ಇಪ್ಪತ್ತನಾಲ್ಕು ಮೂರ್ತಿಗಳಿಗೆ ಶಂಖ, ಚಕ್ರ, ಗದೆ, ಪದ್ಮಗಳು ನಾಲ್ಕು ಕೈಗಳಲ್ಲಿರುವ ಕ್ರಮದಿಂದಲೇ ಹೆಸರು. ಅಡ್ಡವಾದ ಚಿತ್ರದಲ್ಲಿ ಆ ಕ್ರಮವು ಕೆಡುವದಿಲ್ಲ, ತಲೆಕೆಳಗಾದರೂ ಕೆಡುವದಿಲ್ಲ. ಎಡಬಲ ಮಗುಚಿದರೆ ಮಾತ್ರ ಶಂಖವು ಚಕ್ರದ ಕಡೆಗೂ ಚಕ್ರವು ಶಂಖದ ಕಡೆಗೂ ಹೋಗಿ, ಮೂರ್ತಿಯ ಹೆಸರೇ ಬದಲಾಗುವದು. ಅಂಥ ಚಿತ್ರವನ್ನು ಮನೆಯ ಸಂಗ್ರಹದಲ್ಲಿಡುವ ಮೊದಲು ಅಲ್ಲಿಯೇ ತೆಗೆದ ಇನ್ನೊಂದು ಚಿತ್ರದೊಡನೆ ಹೋಲಿಸಿ, ಕೈಗಳನ್ನು ಒಮ್ಮೆ ಎಣಿಸಿಕೊಳ್ಳುವದು ಒಳ್ಳೆಯದು.